10 ಮೀಟರ್‌ಗೆ ಜೀರೋ ಮಾಡಿದ ಪಾಯಿಂಟ್ 22, 50 ಮೀಟರ್‌ನಲ್ಲಿ ಕಾಯಿ ಮೇಲೆ ಹೋಗುತ್ತಿದೆ

ನಾಪೋಕ್ಲು_ಕೋವಿ:
ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ ಕೈಲ್ ಪೋಳ್ದ್ ಹತ್ತಿರ ಬಂತು. ನಮ್ಮೂರಿನ ಗುಂಡು ಹೊಡೆಯುವ ಸ್ಪರ್ಧೆಯಲ್ಲಿ ತೆಂಗಿನಕಾಯಿ ಇಡುವುದು 50 ಮೀಟರ್‌ಗೆ. ನನ್ನದು ಪಾಯಿಂಟ್ 22 ರೈಫಲ್, ಮೇಲೆ ಟೆಲಿಸ್ಕೋಪ್. ಮಳೆ ಬಿಡುತ್ತಿಲ್ಲ ಅಂತ ಶೆಡ್ ಕೆಳಗೆ ಕೂತು, ಎದುರಿನ ಬರೆಗೆ (ಮಣ್ಣಿನ ದಿಬ್ಬಕ್ಕೆ) 10 ಮೀಟರ್‌ನಲ್ಲಿ ಜೀರೋ ಮಾಡಿದೆ, ಅಂದರೆ ಗುರಿ ಇಟ್ಟಲ್ಲೇ ಗುಂಡು ಬೀಳುವಂತೆ ಟೆಲಿಸ್ಕೋಪ್ ಹೊಂದಿಸಿದೆ. ಅಲ್ಲಿ ಒಂದೇ ತೂತಿಗೆ ಬೀಳುತ್ತದೆ. 50ಕ್ಕೆ ಹೋದರೆ ಗುಂಡು ಕಾಯಿ ನೆತ್ತಿ ಸವರಿಕೊಂಡು ಹೋಗುತ್ತದೆ. ಮಾವನ ರೈಫಲ್‌ಗೂ ಅಲ್ಲೇ ಜೀರೋ ಮಾಡಿದ್ದು, ಅದು ಓಪನ್ ಸೈಟ್, ಟೆಲಿಸ್ಕೋಪ್ ಇಲ್ಲ, ನಳಿಗೆ ಮೇಲಿನ ಗುರಿಕಡ್ಡಿ ಅಷ್ಟೇ. ಅದು ಮಾತ್ರ ಕಾಯಿಗೆ ತಾಗುತ್ತದೆ! ಟೆಲಿಸ್ಕೋಪ್ ಹಾಳಾಗಿದೆಯಾ?

ಬಾಳೆಲೆ_ತೋಟ:
ಟೆಲಿಸ್ಕೋಪ್ ಸರಿಯಾಗೇ ಇದೆ ತಮ್ಮಾ. ಅದು ನಳಿಗೆಗಿಂತ ಸುಮಾರು 4 ಸೆಂಟಿಮೀಟರ್ ಮೇಲಿದೆ ಅಲ್ವಾ? 10 ಮೀಟರ್‌ನಷ್ಟು ಹತ್ತಿರದಲ್ಲಿ ಗುಂಡು ಆ 4 ಸೆಂಟಿಮೀಟರ್ ಏರಬೇಕು ಅಂದರೆ ನಳಿಗೆ ಜಾಸ್ತಿ ಮೇಲೆ ನೋಡಬೇಕು. ಅದೇ ಓರೆಯಲ್ಲಿ 50ಕ್ಕೆ ಹೋದಾಗ, ಬೀಳುವ 12 ಸೆಂಟಿಮೀಟರ್ ಕಳೆದರೂ ಗುಂಡು ಸುಮಾರು 6 ಸೆಂಟಿಮೀಟರ್ ಮೇಲೇ ಇರುತ್ತದೆ. ಸಿಪ್ಪೆ ಸುಲಿದ ಕಾಯಿಯ ನಡುವಿನಿಂದ ನೆತ್ತಿಗೆ 5 ಸೆಂಟಿಮೀಟರ್ ಇದ್ದರೆ ಹೆಚ್ಚು. ಮಾವನ ಓಪನ್ ಸೈಟ್ ನಳಿಗೆಗೆ ಅಂಟಿಕೊಂಡೇ ಇರುತ್ತದೆ, ಓರೆ ಕಮ್ಮಿ. ಅವರ ಗುಂಡು ಒಂದೆರಡು ಸೆಂಟಿಮೀಟರ್ ಕೆಳಗೆ ಬಿದ್ದರೂ ಕಾಯಿ ಒಡೆಯುತ್ತದೆ.

50 ಮೀಟರ್‌ಗೇ ಜೀರೋ ಮಾಡು. ಟೆಲಿಸ್ಕೋಪ್ ತಿರುಪು ಒಂದು ಕ್ಲಿಕ್ ತಿರುಗಿಸಿದರೆ ಕಾಲು ಎಂಒಎ (ಎಂಒಎ ಅಂದರೆ ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಪಾಲು) ಸರಿಯುವಂಥದ್ದಾದರೆ ಅಲ್ಲಿ ಒಂದು ಕ್ಲಿಕ್‌ಗೆ ಮೂರೂವರೆ ಮಿಲಿಮೀಟರ್. 6 ಸೆಂಟಿಮೀಟರ್ ಇಳಿಸಲು ಹದಿನಾರು ಹದಿನೇಳು ಕ್ಲಿಕ್ ಬೇಕು. ಮಳೆ ಬಿಡದೇ ಇದ್ದರೆ ಸದ್ಯಕ್ಕೆ 15-16 ಮೀಟರ್‌ನಲ್ಲಿ ಕೂರಿಸು. ಗುಂಡು ದೃಷ್ಟಿ ಗೆರೆಯನ್ನು ಏರುವಾಗ ಅಲ್ಲಿ ದಾಟುತ್ತದೆ, ಇಳಿಯುವಾಗ 50ರ ಹತ್ತಿರ ಮತ್ತೆ ದಾಟುತ್ತದೆ. ಆದರೆ ಅದನ್ನೇ ನಂಬಿ ಸ್ಪರ್ಧೆಗೆ ಹೋಗಬೇಡ. 15ರಲ್ಲಿ ಒಂದು ಸೆಂಟಿಮೀಟರ್ ತಪ್ಪಿದರೆ 50ರಲ್ಲಿ ಮೂರಕ್ಕಿಂತ ಜಾಸ್ತಿ. ಮಳೆ ಬಿಟ್ಟ ಕೂಡಲೇ 50ಕ್ಕೆ ಹೋಗಿ ನೋಡು.

ಇನ್ನೊಂದು, ಟೆಲಿಸ್ಕೋಪ್ ಬಿಡುತ್ತಾರಾ ಅಂತ ಸ್ಪರ್ಧೆ ನಡೆಸುವವರನ್ನು ಮೊದಲೇ ಕೇಳು.

ಸೋಮವಾರಪೇಟೆ_77:
ನಮ್ಮ ತಾತ ಬೇಟೆ ರೈಫಲ್‌ಗೆ 100 ಗಜಕ್ಕೇ ಜೀರೋ ಇಡುತ್ತಿದ್ದರು. ಒಂದು ಸಲ ಇಟ್ಟರೆ ಆಯಿತು, ಸುಮ್ನೆ ತಲೆಬಿಸಿ ಯಾಕೆ?

ಬಾಳೆಲೆ_ತೋಟ:
ತಾತನದು 315 ರೈಫಲ್ ಇರಬೇಕು. ಅದರ ಗುಂಡು ಪಾಯಿಂಟ್ 22ಕ್ಕಿಂತ ಹತ್ತಿರ ಹತ್ತಿರ ಎರಡು ಪಟ್ಟು ವೇಗ. ಮಿಕ ಎಷ್ಟು ದೂರದಲ್ಲಿ ಎದ್ದು ಬರುತ್ತದೋ ಗೊತ್ತಿರುತ್ತಿರಲಿಲ್ಲ. ಹತ್ತಿರ ಇರಲಿ, ದೂರ ಇರಲಿ, ಅಂಗೈ ಅಗಲದೊಳಗೆ ಬಿದ್ದರೆ ಸಾಕು ಅನ್ನುವ ಲೆಕ್ಕ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೇ ಇಲ್ಲ, ತೆಂಗಿನಕಾಯಿ ಎದ್ದು ಓಡುವುದೂ ಇಲ್ಲ. ಪಾಯಿಂಟ್ 22ಕ್ಕೆ 100 ಮೀಟರ್ ಜೀರೋ ಇಟ್ಟರೆ 50ರಲ್ಲಿ ಗುಂಡು 12 ಸೆಂಟಿಮೀಟರ್ ಮೇಲೆ. ಈಗ 6 ಮೇಲೆ ಹೋಗಿದ್ದಕ್ಕೇ ಇವನು ಇಲ್ಲಿಗೆ ಬಂದಿದ್ದಾನೆ!

ನಾಪೋಕ್ಲು_ಕೋವಿ:
ಅರ್ಥವಾಯಿತು ಅಣ್ಣಾ. ಅಭ್ಯಾಸಕ್ಕೆ ಹೈ ವೆಲಾಸಿಟಿ (ಹೆಚ್ಚು ವೇಗದ) ಗುಂಡು ಇದೆ, ಸ್ಪರ್ಧೆಗೆ ಸ್ಟ್ಯಾಂಡರ್ಡ್ ವೆಲಾಸಿಟಿ (ಅದಕ್ಕಿಂತ ಕಮ್ಮಿ ವೇಗದ್ದು). ಜೀರೋ ಯಾವುದರಲ್ಲಿ ಮಾಡಲಿ?

ಬಾಳೆಲೆ_ತೋಟ:
ಸ್ಪರ್ಧೆಗೆ ಒಯ್ಯುವುದರಲ್ಲೇ. ಹೈ ವೆಲಾಸಿಟಿಯಲ್ಲಿ ಜೀರೋ ಮಾಡಿ ಸ್ಟ್ಯಾಂಡರ್ಡ್ ಹಾಕಿದರೆ 50ರಲ್ಲಿ ಎರಡು ಮೂರು ಸೆಂಟಿಮೀಟರ್ ಕೆಳಗೆ ಬೀಳಬಹುದು. ಪಕ್ಕಕ್ಕೂ ಸರಿಯಬಹುದು, ಅದು ನಳಿಗೆಯ ಮರ್ಜಿ.

50 ಮೀಟರ್‌ಗೆ ಜಾಗ ಹುಡುಕುವಾಗಲೂ ಹಿಂದೆ ಗಟ್ಟಿ ಬರೆ ಇರಲಿ. ಕಾಫಿ ಗಿಡದ ಸಾಲು ಗುಂಡು ತಡೆಯುವುದಿಲ್ಲ. ಪಾಯಿಂಟ್ 22 ಚಿಕ್ಕದು ಅನ್ನಬೇಡ, ಒಂದೂವರೆ ಕಿಲೋಮೀಟರ್ ದಾಟಬಲ್ಲದು. ಆ ಕಡೆ ಲೈನ್ ಮನೆ (ತೋಟದ ಕೆಲಸದವರ ಮನೆ ಸಾಲು) ಇದ್ದರೆ ಅಲ್ಲಿ ಹೊಡೆಯಲೇಬೇಡ, ಬೇರೆ ಜಾಗ ನೋಡು.