‘ಖಾವ್‌ಯೂ’ಗೆ ‘ಸುಟ್ಟ ಮೀನು’ ಅಂದರೆ ಒಪ್ಪುತ್ತಾ?

ಎಲ್ಲರಿಗೂ ನಮಸ್ಕಾರ.

ಚೀನಾದ ಊಟ-ತಿಂಡಿ ಬಗ್ಗೆ ಒಂದು ಬರಹ ಬರೆಯುತ್ತಿದ್ದೇನೆ. ಅದು ಒಂದು ಪದದ ಹತ್ತಿರ ಬಂದು ನಿಂತುಬಿಟ್ಟಿದೆ. ಬಲ್ಲವರು ದಾರಿ ತೋರಿಸಬೇಕು.

ಪದ ‘ಖಾವ್‌ಯೂ’. ‘ಯೂ’ ಅಂದರೆ ಮೀನು, ಅದರಲ್ಲಿ ತಕರಾರಿಲ್ಲ. ‘ಖಾವ್’ ಅಂದರೆ ಬೆಂಕಿಯ ಬಿಸಿಗೆ ಒಡ್ಡಿ ಬೇಯಿಸುವುದು. (ನಮ್ಮ ‘ಕಾವು’ ಅಲ್ಲ, ಸುಮ್ನೆ ಕಿವಿಗೆ ಹಾಗೆ ಕೇಳುತ್ತೆ ಅಷ್ಟೆ.) ಬೀಜಿಂಗಿನ ಹೆಸರಾಂತ ಬಾತುಕೋಳಿಗೂ ಇದೇ ಮಾತು, ರಸ್ತೆಬದಿಯ ಗೆಣಸಿಗೂ ಇದೇ, ಬ್ರೆಡ್ ಬಿಸಿ ಮಾಡುವುದಕ್ಕೂ ಇದೇ.

ಮೊದಲು ತಿನಿಸು ಏನು ಅಂತ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಚರ್ಚೆ ಎಲ್ಲೆಲ್ಲಿಗೋ ಹೋಗುತ್ತದೆ. ಯಾಂಗ್ಟ್ಸಿ ನದಿಯ ದಂಡೆಯಲ್ಲಿ, ಚೊಂಗ್‌ಚಿಂಗ್ ಆಡಳಿತಕ್ಕೆ ಸೇರಿದ ವಾನ್‌ಝೌ, ವೂಶಾನ್ ಅಂತ ಎರಡು ಊರುಗಳಿವೆ. ಎರಡರ ಹೆಸರಲ್ಲೂ ಈ ಮೀನು ಚೀನಾದ ತುಂಬ ಮಾರಾಟವಾಗುತ್ತದೆ. ನದಿ ಕಡೆ ಮೇಜು ಹಾಕಿದ ಹೋಟೆಲುಗಳಿಗೆ ಜನ ಬರುವುದು ರಾತ್ರಿ ಹೊತ್ತು ಜಾಸ್ತಿ. ತೊಟ್ಟಿಯಲ್ಲಿ ಈಜುವ ಮೀನನ್ನು ಗಿರಾಕಿಯೇ ತೋರಿಸಬೇಕು. ತೂಕ ‘ಜಿನ್’ ಲೆಕ್ಕದಲ್ಲಿ, ಒಂದು ಜಿನ್ ಅಂದರೆ ಅರ್ಧ ಕಿಲೋ. ಮೀನನ್ನು ಬೆನ್ನಿನ ಕಡೆಯಿಂದ ಸೀಳಿ, ಹೊಟ್ಟೆಯ ಕಡೆ ಕತ್ತರಿಸದೆ, ಪುಸ್ತಕದ ಹಾಗೆ ಬಿಡಿಸುತ್ತಾರೆ. ಕಂಬಿಯ ಜಾಲರಿಗೆ ಸಿಕ್ಕಿಸಿ, ಎಣ್ಣೆ ಸವರಿ, ಜೀರಿಗೆ ಉದುರಿಸಿ, ಇದ್ದಿಲ ಕೆಂಡದ ಮೇಲೆ ಎರಡೂ ಬದಿ ಸುಡುತ್ತಾರೆ.

ಅಲ್ಲಿಗೇ ಮುಗಿದಿದ್ದರೆ ನಾನು ಈ ಪತ್ರ ಬರೆಯುತ್ತಲೇ ಇರಲಿಲ್ಲ. ಆ ಮೀನು ಉದ್ದನೆಯ ಸ್ಟೀಲ್ ಟ್ರೇಗೆ ಹೋಗುತ್ತದೆ. ಜೊತೆಗೆ ತಾವರೆ ಗಡ್ಡೆ, ಆಲೂಗಡ್ಡೆ, ಮೊಳಕೆ ಕಾಳು. ಮೇಲೆ ಒಣಮೆಣಸಿನಕಾಯಿ, ಹುದುಗು ಬರಿಸಿದ ಕಾಳಿನ ಖಾರ, ಸಿಚುವಾನ್ ಮೆಣಸು ಎಲ್ಲ ಹಾಕಿ ಕಾಸಿದ ಕೆಂಪನೆಯ ಎಣ್ಣೆ ರಸ. ಟ್ರೇ ಮೇಜಿಗೆ ಬಂದ ಮೇಲೆ ಅದರ ಕೆಳಗೆ ಮತ್ತೆ ಬೆಂಕಿ. ‘ಅಟ್ಟ ಮೇಲೆ ಒಲೆ ಉರಿಯಿತು’ ಅನ್ನುವ ನಮ್ಮ ಗಾದೆ ಇಲ್ಲಿ ಬೇಕಂತಲೇ ನಡೆಯುತ್ತದೆ! ಕೊತಕೊತ ಕುದಿಯುತ್ತಿರುವಾಗಲೇ ಚಾಪ್‌ಸ್ಟಿಕ್‌ನಲ್ಲಿ ಮುಳ್ಳು ಬಿಡಿಸಿಕೊಂಡು ತಿನ್ನಬೇಕು. ಮೀನು ಖಾಲಿಯಾದರೂ ರಸದಲ್ಲಿ ಇನ್ನೊಂದಿಷ್ಟು ತರಕಾರಿ ಬೇಯುತ್ತದೆ. ಅಂದಹಾಗೆ, ಟ್ರೇ ಕೆಳಗಿನ ಇದ್ದಿಲ ಒಲೆಗೆ ನಾನು ‘ಅಗ್ಗಿಷ್ಟಿಕೆ’ ಅಂತಲೇ ಬರೆದಿದ್ದೇನೆ. ಈ ಪದವನ್ನು ಬಳಸಲು ಒಂದು ನೆಪ ಸಿಕ್ಕಿದ್ದು ಖುಷಿ.

ನದಿ ದಂಡೆ ಅಂದ ಕೂಡಲೇ ‘ಹೊಳೆಮೀನು’ ಅಂತ ಬರೆಯಲು ಕೈ ತುಡಿಯುತ್ತದೆ. ಆದರೆ ಹಾಗೆ ಬರೆಯುವಂತಿಲ್ಲ. 2021ರ ಜನವರಿ 1ರಿಂದ ಯಾಂಗ್ಟ್ಸಿಯಲ್ಲಿ ಹತ್ತು ವರ್ಷ ಮೀನುಗಾರಿಕೆ ನಿಷೇಧ. ಹೋಟೆಲಿಗೆ ಬರುವುದು ಸಾಕಿದ ಮೀನು. ನದಿಯಿಂದ ಸಿಗುವುದು ಗಾಳಿ ಮತ್ತು ನೋಟ ಮಾತ್ರ. ಜಾಸ್ತಿ ಬಳಸುವ ಒಂದು ಮೀನಿಗೆ ಚೀನೀಯರು ‘ಹುಲ್ಲು ಮೀನು’ ಅನ್ನುತ್ತಾರೆ. 1959ರಲ್ಲಿ ಭಾರತಕ್ಕೂ ತಂದ ಮೀನು ಅದು. ನಮ್ಮ ಮೀನು ಸಾಕಣೆಯವರ ಬಾಯಲ್ಲಿ ‘ಹುಲ್ಲುಗೆಂಡೆ’. ಅಲ್ಲಿಗೆ ಅದೊಂದು ಚಿಂತೆ ತಪ್ಪಿತು.

ಈಗ ಅಡುಗೆಯ ಮಾತು. ‘ಗ್ರಿಲ್ಡ್ ಫಿಶ್’ ಅಂತ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಗ್ರಿಲ್ ಅಂದರೆ ನಮ್ಮ ಪೇಟೆಗಳಲ್ಲಿ ಶವರ್ಮಾ ಅಂಗಡಿ ಮುಂದೆ ತಿರುಗುವ ಕೋಳಿ. ಕಿಟಕಿಯ ಕಂಬಿಯೂ ಗ್ರಿಲ್ಲೇ. ‘ಕಬಾಬ್’ ಇನ್ನೂ ಕಷ್ಟ. ಬೆಂಗಳೂರಲ್ಲಿ ಕಬಾಬ್ ಅಂದರೆ ಎಣ್ಣೆಯಲ್ಲಿ ಕರಿದದ್ದು. ‘ಹುರಿದ ಮೀನು’ ಅಂದರೆ ಬಾಣಲೆ ಬಂತು. ಕರಾವಳಿಯ ‘ಕಾಯಿಸಿದ ಮೀನು’ ಅಂದರೆ ಕಾವಲಿ ಬಂತು.

ಹಾಗಾಗಿ ನನ್ನ ಒಲವು ‘ಸುಟ್ಟ ಮೀನು’ ಕಡೆಗೆ. ಬರಹ ಓದಿದ ಗೆಳತಿಯೊಬ್ಬಳು ಮುಖ ಸಿಂಡರಿಸಿದಳು. “ಸುಟ್ಟ ಮೀನು ಅಂದ್ರೆ ಸೀದುಹೋಗಿದೆ ಅನ್ಸುತ್ತೆ ಕಣೋ. ಸುಡುಗಾಡು ನೆನಪಾಗುತ್ತೆ” ಅಂದಳು. ನಾನು ಒಪ್ಪಲಿಲ್ಲ. ಬದನೆಕಾಯಿ ಸುಡುತ್ತೇವೆ, ಹಪ್ಪಳ ಸುಡುತ್ತೇವೆ, ಮುಸುಕಿನ ಜೋಳ ಸುಡುತ್ತೇವೆ. ಉತ್ತರ ಕರ್ನಾಟಕದಲ್ಲಿ ಎಳೆ ಜೋಳದ ತೆನೆ ಸುಟ್ಟು ಸೀತನಿ ತಿನ್ನುತ್ತಾರೆ. ಕರಾವಳಿಯಲ್ಲಿ ಗಂಜಿಗೆ ಸುಟ್ಟ ಒಣಮೀನು. ಇದಕ್ಕೆಲ್ಲ ಯಾರೂ ಮೂಗು ಮುರಿಯುವುದಿಲ್ಲ, ಬಾಯಲ್ಲಿ ನೀರು ಬರುತ್ತದೆ. ಅಡುಗೆ ಕೆಟ್ಟರೆ ಹೇಳಲು ಬೇರೆ ಮಾತುಗಳಿವೆ: ಸೀಯಿತು, ಕರಕಲಾಯಿತು, ತಳ ಹಿಡಿಯಿತು. ಸುಡುವುದು ನಾವು ಮಾಡುವ ಕೆಲಸ. ಸೀಯುವುದು ನಮ್ಮ ಕೈತಪ್ಪಿ ಆಗುವಂಥದ್ದು. ಈ ಗೆರೆ ಇತ್ತೀಚೆಗೆ ಮಸುಕಾಗಿದೆ ಅಂತ ನನಗನ್ನಿಸುತ್ತದೆ. ಗ್ಯಾಸ್ ಒಲೆ ಬಂದ ಮೇಲೆ ಕೆಂಡವೇ ಕಾಣದವರಿಗೆ ‘ಸುಟ್ಟಿತು’ ಅಂದರೆ ಕೆಟ್ಟಿತು ಅಂತಲೇ ಅರ್ಥ ಆಗಿರಬಹುದು, ಅಲ್ವಾ?

ಇನ್ನೊಂದು ವಿಷಯ. ‘ಖಾವ್’ ಎಷ್ಟು ಅಗಲವೋ ‘ಸುಡು’ ಕೂಡ ಹೆಚ್ಚುಕಡಿಮೆ ಅಷ್ಟೇ ಅಗಲ. ಹೆಂಚಿನ ಮೇಲಿನ ದೋಸೆ, ರೊಟ್ಟಿಯನ್ನೂ ಹಲವು ಕಡೆ ‘ಸುಡು’ ಅನ್ನುತ್ತಾರೆ, ಅಲ್ಲಿ ಕೆಂಡ ತಾಗುವುದೇ ಇಲ್ಲ. ಮಾಂಸದ ಅಂಗಡಿಯಲ್ಲಿ ‘ತಲೆ-ಕಾಲು ಸುಟ್ಟು ಕೊಡಿ’ ಅಂದರೆ ಕೂದಲು ಹೋಗಿಸುವುದು, ಬೇಯಿಸುವುದು ಆಮೇಲಿನ ಮಾತು.

ನನ್ನ ನಿಜವಾದ ತೊಡಕು ಎರಡನೇ ಹಂತದ್ದು. ‘ಸುಟ್ಟ ಮೀನು’ ಅಂದರೆ ಒಣಗಿದ ತಿನಿಸು ಕಣ್ಣಿಗೆ ಬರುತ್ತದೆ. ಇಲ್ಲಿ ರಸವಿದೆ. ‘ಸಾರು’ ಅನ್ನುವಂತಿಲ್ಲ, ಆ ಎಣ್ಣೆಯನ್ನು ಯಾರೂ ಅನ್ನಕ್ಕೆ ಸುರಿದು ಕಲಸುವುದಿಲ್ಲ. ‘ಗಸಿ’ ಅಂದರೆ ತೆಂಗಿನಕಾಯಿ ಬಂತು. ‘ಗೊಜ್ಜು’ ಹತ್ತಿರದ್ದು. ಸುಟ್ಟ ಬದನೆಕಾಯಿ ಗೊಜ್ಜಿನಲ್ಲೂ ಮೊದಲು ಸುಡುವುದು, ಆಮೇಲೆ ರಸಕ್ಕೆ ಹಾಕುವುದು. ಆದರೆ ಅದರಲ್ಲಿ ಬದನೆಕಾಯಿ ಕಿವುಚಿ ಹಾಕುತ್ತೇವೆ, ಇಲ್ಲಿ ಮೀನು ಇಡಿಯಾಗಿ ಮಲಗಿರುತ್ತದೆ. ಸದ್ಯಕ್ಕೆ ‘ಸುಟ್ಟ ಮೀನಿನ ಗೊಜ್ಜು’ ಅಂತ ಬರೆದು ಪಕ್ಕದಲ್ಲಿ ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ.

ಒಂದು ಕಡೆ ಮಾತ್ರ ಕನ್ನಡ ತಾನಾಗಿ ಕೈಹಿಡಿಯಿತು. ಚೀನಾದ ಬೆಸ್ತರಲ್ಲಿ ತಟ್ಟೆಯ ಮೀನನ್ನು ತಿರುವಿ ಹಾಕಬಾರದು ಅಂತ ನಂಬಿಕೆ. ಅದಕ್ಕೆ ಅವರ ಮಾತು ‘ಫಾನ್’. ದೋಣಿ ತಲೆಕೆಳಗಾಗುವುದಕ್ಕೂ ‘ಫಾನ್’. ನಮ್ಮ ‘ಮಗುಚು’ ನೋಡಿ: ದೋಸೆಯನ್ನೂ ಮಗುಚುತ್ತೇವೆ, ದೋಣಿಯೂ ಮಗುಚುತ್ತದೆ. ವಿವರಣೆಯೇ ಬೇಕಾಗಲಿಲ್ಲ. ಖಾವ್‌ಯೂ ಮೊದಲೇ ಬಿಡಿಸಿಟ್ಟ ಮೀನಾದ್ದರಿಂದ ಮಗುಚುವ ಪ್ರಮೇಯವೇ ಬರುವುದಿಲ್ಲ, ಅದು ಬೇರೆ ಮಾತು.

ಕೊನೆಗೆ ‘ಮಾ’. ಸಿಚುವಾನ್ ಮೆಣಸಿನಿಂದ ತುಟಿ-ನಾಲಿಗೆಗೆ ಆಗುವ ಅನುಭವಕ್ಕೆ ಚೀನೀಯರು ಹೀಗೆ ಅನ್ನುತ್ತಾರೆ. ‘ಖಾರ’ ಅಲ್ಲ, ಖಾರಕ್ಕೆ ಅವರಲ್ಲಿ ‘ಲಾ’ ಅಂತ ಬೇರೆ ಪದವಿದೆ. ಎರಡೂ ಸೇರಿದರೆ ‘ಮಾಲಾ’. ‘ಜೋಮು’ ಅಂತ ಬರೆದರೆ ಕಾಲು ಜೋಮು ಹಿಡಿದದ್ದು ನೆನಪಾಗುತ್ತದೆ. ‘ಮರಗಟ್ಟು’ ಅಂದರೆ ಹಲ್ಲಿನ ಡಾಕ್ಟರ ಸೂಜಿ. ‘ಜುಮ್ಮೆನ್ನು’ ಪರವಾಗಿಲ್ಲ. ಉತ್ತರ ಕನ್ನಡದ ಕಡೆ, ಕೊಂಕಣಿ ಮನೆಗಳಲ್ಲಿ ಬಂಗುಡೆ ಸಾರಿಗೆ ಹಾಕುವ ತೆಪ್ಪಳ ಇದೇ ಕುಲದ ಕಾಯಿ. ಸಿಚುವಾನ್ ಮೆಣಸಿನ ಹಾಗೆ ಇದರದ್ದೂ ಕರಿ ಬೀಜ ಎಸೆದು ಸಿಪ್ಪೆ ಬಳಸುತ್ತಾರೆ. ಕನ್ನಡದಲ್ಲಿ ಅದಕ್ಕೆ ‘ಜುಮ್ಮಿನಕಾಯಿ’ ಅನ್ನುವುದೂ ಉಂಟು. ಕುಮಟಾ, ಕಾರವಾರದ ಕಡೆಯವರು ಇಲ್ಲಿದ್ದರೆ ಹೇಳಿ: ತೆಪ್ಪಳ ಕಚ್ಚಿದಾಗ ನಾಲಿಗೆಗೆ ಆಗುತ್ತದಲ್ಲ, ಅದಕ್ಕೆ ನಿಮ್ಮ ಮನೆಯಲ್ಲಿ ಏನಂತೀರಿ? ‘ಜುಮ್’ ಅಂತಲೇನಾ, ಬೇರೆ ಮಾತಿದೆಯಾ? ಕೊಂಕಣಿಯದ್ದಾದರೂ ಸರಿ, ಬರೆಯಿರಿ.