ಹಳೆಯ ಟಿಆರ್-808 ಕೊಳ್ಳಬೇಕೇ, ಹೊಸ ಪ್ರತಿರೂಪ ಸಾಕೇ?

ಪ್ರಶ್ನೆ: ನನ್ನ ಪುಟ್ಟ ಸ್ಟುಡಿಯೊಗೆ ರೋಲ್ಯಾಂಡ್ ಟಿಆರ್-808 ಡ್ರಮ್ ಮಷೀನ್ (ಡ್ರಮ್ ಸದ್ದುಗಳನ್ನು ತಾನೇ ನುಡಿಸುವ ಯಂತ್ರ) ಬೇಕಾಗಿದೆ. ಜಪಾನಿನಿಂದ ಹಳೆಯ ಯಂತ್ರವೊಂದು ಸಿಗುವಂತಿದೆ. ಅದನ್ನೇ ತರಿಸಲೇ, ಅಥವಾ ಹೊಸ ಪ್ರತಿರೂಪವೋ ಸ್ಯಾಂಪಲ್‌ಗಳೋ (ಅದರ ಸದ್ದುಗಳ ಧ್ವನಿಮುದ್ರಣಗಳು) ಸಾಕೇ? ಬಳಸಿದವರು ದಯವಿಟ್ಟು ತಿಳಿಸಿ.

ಉತ್ತರ 1: ಸ್ಯಾಂಪಲ್ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. 1980ರಲ್ಲಿ ಈ ಯಂತ್ರ ಬಂದಾಗ ಇದರ ಎದುರಾಳಿ ಲಿನ್ ಎಲ್‌ಎಂ-1 ನಿಜವಾದ ಡ್ರಮ್‌ಗಳ ಧ್ವನಿಮುದ್ರಣವನ್ನೇ ನುಡಿಸುತ್ತಿತ್ತು. ಸುಮಾರು 5,000 ಡಾಲರ್ ಬೆಲೆಯ ಅದರೆದುರು 1,195 ಡಾಲರ್‌ಗೆ ಸಿಗುತ್ತಿದ್ದ 808ರಲ್ಲಿ ಮುದ್ರಿತ ಧ್ವನಿ ಯಾವುದೂ ಇರಲಿಲ್ಲ, ಪ್ರತಿ ಪೆಟ್ಟನ್ನೂ ಸರ್ಕಿಟ್ ಆ ಕ್ಷಣದಲ್ಲೇ ಹುಟ್ಟಿಸುತ್ತಿತ್ತು. ಕೌಬೆಲ್ ಎಂದು ಬರೆದಿರುವ ಸದ್ದು ಸುಮಾರು 540 ಮತ್ತು 800 ಹರ್ಟ್ಸ್‌ನ ಎರಡು ಆಸಿಲೇಟರ್‌ಗಳ (ಸ್ವರ ಹುಟ್ಟಿಸುವ ಸರ್ಕಿಟ್‌ಗಳ) ಮಿಶ್ರಣವಷ್ಟೇ. ಯಾವ ಹಸುವಿನ ಕೊರಳಿನಲ್ಲೂ ಅಂಥ ಗಂಟೆ ಕೇಳಿಸಲಾರದು. ಸುಮಾರು 12,000 ಯಂತ್ರಗಳು ತಯಾರಾದ ಮೇಲೆ 1983ರಲ್ಲಿ ಉತ್ಪಾದನೆ ನಿಂತಿತು. ಕೆಲವು ಸದ್ದುಗಳ ಸಿಡಿತಕ್ಕೆ ಬೇಕೆಂದೇ ಕೊಳ್ಳುತ್ತಿದ್ದ ದೋಷಯುಕ್ತ ಟ್ರಾನ್ಸಿಸ್ಟರ್‌ಗಳ ಪೂರೈಕೆ, ತಯಾರಿಕೆ ಸುಧಾರಿಸಿದಂತೆ, ಇಲ್ಲವಾದದ್ದೇ ಅದಕ್ಕೆ ಕಾರಣವೆಂದು ರೋಲ್ಯಾಂಡ್ ಸ್ಥಾಪಕ ಇಕುತಾರೊ ಕಾಕೆಹಾಶಿ ಹೇಳಿದ್ದರು.

ಸೆಕೆಂಡ್‌ಹ್ಯಾಂಡ್ ಬೆಲೆ ಇಳಿದ ಮೇಲೆ ಅದು ಹಣವಿಲ್ಲದ ಹುಡುಗರ ಕೈಗೂ ಎಟುಕಿತು. ಬಾಸ್ ಡ್ರಮ್‌ನ ಡಿಕೇ ನಾಬನ್ನು (ಸದ್ದು ಎಷ್ಟು ಹೊತ್ತು ಉಳಿಯಬೇಕೆಂದು ನಿರ್ಧರಿಸುವ ಗುಬುಟು) ಪೂರ್ತಿ ತಿರುಗಿಸಿದರೆ ಪೆಟ್ಟಿನ ನಂತರವೂ ಮಂದ್ರದ ಗುಂಯ್‌ಗಾಟ ಉಳಿಯುತ್ತದೆ. ಮಯಾಮಿ ಬಾಸ್‌ನಿಂದ ಇಂದಿನ ಟ್ರ್ಯಾಪ್‌ವರೆಗಿನ ಹಿಪ್-ಹಾಪ್ ಶೈಲಿಗಳಲ್ಲಿ ಅನೇಕರು ನೆಚ್ಚಿರುವುದು ಅದನ್ನೇ. ಆ ಗುಂಯ್‌ಗಾಟ ಅಡಗುವ ಮೊದಲೇ ಮುಂದಿನ ಪೆಟ್ಟು ಬಿದ್ದರೆ ಅಸಲಿ ಸರ್ಕಿಟ್‌ನಲ್ಲಿ ಎರಡೂ ಬೆರೆತು ಪ್ರತಿಸಲವೂ ತುಸು ಬೇರೆಯಾಗಿ ಕೇಳಿಸುತ್ತವೆ, ಸ್ಯಾಂಪಲ್ ಮಾತ್ರ ಪ್ರತಿಸಲವೂ ಒಂದೇ ತೆರನಾಗಿರುತ್ತದೆ. ಬಾಸ್ ಡ್ರಮ್ಮೇ ನಿಮ್ಮ ಹಾಡಿನ ಆಧಾರವಾಗಿದ್ದರೆ ಸ್ಯಾಂಪಲ್ ಸಾಲದು. ಬರೀ ಚಪ್ಪಾಳೆಯೋ ಹೈ-ಹ್ಯಾಟೋ ಬೇಕಾಗಿದ್ದರೆ ಧಾರಾಳವಾಗಿ ಸಾಕು.

ಉತ್ತರ 2: ರಿಪೇರಿ ಮಾಡುವವನಾಗಿ ನನ್ನ ಮಾತು. ಜಪಾನಿನಲ್ಲಿ ಮಾರಾಟವಾದ ಯಂತ್ರ 100 ವೋಲ್ಟ್‌ನದು. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ನಮ್ಮ 230 ವೋಲ್ಟ್‌ಗೆ ಎಂದಿಗೂ ಜೋಡಿಸಬೇಡಿ. ಹಿಂಭಾಗದಲ್ಲಿ ಪ್ರತಿ ವಾದ್ಯಕ್ಕೂ ಪ್ರತ್ಯೇಕ ಔಟ್‌ಪುಟ್ ಇರುವುದರಿಂದ ಒಂದೊಂದನ್ನೂ ಬೇರೆಯಾಗಿ ಕೇಳಿಸುವಂತೆ ಮಾರುವವರನ್ನು ಒತ್ತಾಯಿಸಿ. ಸ್ವಿಚ್ ಆರಿಸಿದೊಡನೆ ಬರೆದ ತಾಳಗಳು ಅಳಿದುಹೋದರೆ ಬಹುಮಟ್ಟಿಗೆ ಅದು ಮೆಮೊರಿ ಕಾಯುವ ಸಣ್ಣ ಬ್ಯಾಟರಿಗಳ ದೋಷ, ಗಾಬರಿಯಾಗಬೇಕಿಲ್ಲ. ಆದರೆ ಅವು ಸೋರಿ ಲೋಹದ ಪಟ್ಟಿಗಳು ಹಸಿರುಗಟ್ಟಿದ್ದರೆ ಒಳಗಿನ ಬೋರ್ಡಿನ ಫೋಟೊ ನೋಡದೆ ಹಣ ಕಳುಹಿಸಬೇಡಿ. ಇನ್ನೊಂದು ವಿಷಯ: ವಾದ್ಯಗಳನ್ನೂ ಕಂಪ್ಯೂಟರನ್ನೂ ಒಂದಕ್ಕೊಂದು ಜೋಡಿಸುವ ಮಿಡಿ ಎಂಬ ಪದ್ಧತಿ ಬಂದದ್ದು 1983ರಲ್ಲಿ, ಆದ್ದರಿಂದ ಈ ಯಂತ್ರದಲ್ಲಿ ಅದಿಲ್ಲ. ಹಿಂದಿರುವ ಐದು ಪಿನ್ನಿನ ಸಾಕೆಟ್ ನೋಡಲು ಮಿಡಿಯಂತೆಯೇ ಇದ್ದರೂ ಯಂತ್ರಗಳ ಲಯವನ್ನು ಹೊಂದಿಸುವ ಡಿನ್ ಸಿಂಕ್ ಎಂಬ ಬೇರೆ ಸಂಕೇತದ್ದು. ಕಂಪ್ಯೂಟರಿನೊಂದಿಗೆ ಹೊಂದಿಸಲು ಕನ್ವರ್ಟರ್ ಕೊಳ್ಳಬೇಕಾಗುತ್ತದೆ.

ಉತ್ತರ 3: ನಮ್ಮ ತಾಳಗಳನ್ನು ಹಾಕುವ ಉದ್ದೇಶವಿದ್ದರೆ ಇದು ಉಪಯೋಗವಾಗಬಹುದು. ತಾಳ ಬರೆಯಲು ನಾಲ್ಕು ಬಣ್ಣಗಳ ಹದಿನಾರು ಗುಂಡಿಗಳಿವೆ, ಗುಂಡಿಗೊಂದು ಹೆಜ್ಜೆ. ಹದಿನಾರೂ ಸೇರಿ ಒಂದು ಭಾಗ, ಅದಕ್ಕೆ ಎರಡನೆಯ ಭಾಗ ಸೇರಿಸಿದರೆ 32 ಹೆಜ್ಜೆ. ಅಕ್ಷರಕ್ಕೆ ನಾಲ್ಕರಂತೆ ಆದಿತಾಳದ ಒಂದು ಆವರ್ತ ಸರಿಯಾಗಿ ಕೂರುತ್ತದೆ. ಮಿಶ್ರಛಾಪಿಗೆ ಹದಿನಾಲ್ಕನೆಯ ಹೆಜ್ಜೆಗೆ ನಿಲ್ಲಿಸಿ, ಆದರೆ ನಾಲ್ಕು ನಾಲ್ಕಾಗಿ ವಿಂಗಡಿಸಿರುವ ಬಣ್ಣಗಳನ್ನು ಆಗ ನಂಬಬೇಡಿ, ಕಣ್ಣು ತಪ್ಪುದಾರಿ ಹಿಡಿಯುತ್ತದೆ. 1982ರಲ್ಲೇ ಮುಂಬಯಿಯ ಚರಣ್‌ಜಿತ್ ಸಿಂಗ್ ಇದೇ 808ಕ್ಕೆ ರೋಲ್ಯಾಂಡ್‌ನ ಸಿಂಥಸೈಜರ್‌ಗಳಾದ ಟಿಬಿ-303 ಮತ್ತು ಜ್ಯೂಪಿಟರ್-8 ಸೇರಿಸಿ ಹತ್ತು ರಾಗಗಳನ್ನು ಡಿಸ್ಕೊ ಲಯಕ್ಕೆ ನುಡಿಸಿದ್ದರು. ಅದನ್ನು ಕೇಳಿದ ಮೇಲೆ ಇಂಥ ಪ್ರಯೋಗಕ್ಕೆ ಅಂಜಿಕೆ ಇರುವುದಿಲ್ಲ.

ಪ್ರತಿರೂಪಗಳ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ರೋಲ್ಯಾಂಡ್‌ನದೇ ಟಿಆರ್-08 ಪುಟ್ಟದು ಮತ್ತು ಅಚ್ಚುಕಟ್ಟಾದದ್ದು, ಆದರೆ ಡಿಜಿಟಲ್. ಬೆರಿಂಗರ್ ಆರ್‌ಡಿ-8 ಹಳೆಯದರಂತೆಯೇ ಅನಲಾಗ್ ಸರ್ಕಿಟ್‌ನದು, ನಾಬ್‌ಗಳು ಕೈತುಂಬ ಸಿಗುತ್ತವೆ, ಮಿಡಿಯೂ ಇದೆ. ದಿನವೂ ಕೆಲಸ ನಡೆಯಬೇಕಾದ ಸ್ಟುಡಿಯೊಗೆ ನಾನು ಎರಡನೆಯದನ್ನೇ ಸೂಚಿಸುತ್ತೇನೆ. ಹತ್ತಿರದಲ್ಲಿ ಅನಲಾಗ್ ರಿಪೇರಿ ಬಲ್ಲವರೊಬ್ಬರು ಇದ್ದರೆ ಮಾತ್ರ ಜಪಾನಿನ ಯಂತ್ರದ ಮಾತು ಮುಂದುವರಿಸಿ.