ಎರಡು ಬೆಕ್ಕು, ಶಹಾಬಾದ್ ಫರ್ಸಿ, "ಪ್ರಾಣಿ ನಡಿಯಂಗಿಲ್ಲ" ಅನ್ನೋ ಮಾಲಕರು: ಬಾಡಿಗಿ ಮನಿಗೆ ಹ್ಯಾಂಗ ಒಪ್ಪಿಸೋದು?

ಸೇಡಂರೋಡ್_ಬಾಡಿಗಿ ಕೇಳಿದ್ದು:

ಕಲಬುರಗಿಯೊಳಗ ಸೇಡಂ ರೋಡ್ ಕಡೆ ಒಂದು ಮನಿ ನೋಡಿಟ್ಟೀವಿ. ಮ್ಯಾಲಿನ ಮಹಡಿ, ಎರಡು ಖೋಲಿ, ಅಡಗಿಮನಿ. ನೆಲಕ್ಕ ಹಳೇ ಶಹಾಬಾದ್ ಫರ್ಸಿ (ಹಾಸುಗಲ್ಲು). ಮಾಲಕರು ಕೆಳಗ ಇರ್ತಾರ, ಶಾಕಾಹಾರಿ ಮನಿ. ನಮ್ಮ ಹತ್ರ ಎರಡು ವರ್ಷದ ಹೆಣ್ಣುಬೆಕ್ಕು, ಏಳು ತಿಂಗಳ ಗಂಡುಬೆಕ್ಕು ಅದಾವ. ಹೆಣ್ಣಿಗೆ ಮರಿ ಆಗಲಾರದಂಗ ಮಾಡೋ ಆಪರೇಶನ್ ಆಗ್ಯಾದ, ಗಂಡಿಗೆ ಇನ್ನಾ ಇಲ್ಲ. ಬೆಕ್ಕು ಅಂದಕೂಡ್ಲೆ "ವಾಸನಿ ಬರ್ತದ, ನಡಿಯಂಗಿಲ್ಲ" ಅಂದ್ರು, ಆದ್ರ ಮನಿ ಇನ್ನಾ ಬ್ಯಾರೆಯವ್ರಿಗೆ ಕೊಟ್ಟಿಲ್ಲ.

ಕಾಯ್ದೆ ಏನಾದ್ರೂ ನಮ್ಮ ಕಡೆ ಅದೇನು? ಕರಾರಿನಾಗ ಏನ್ ಬರಿಸಬೇಕು? ಫರ್ಸಿಗೆ ವಾಸನಿ ಹಿಡಿಲಾರದಂಗ ಏನ್ ಮಾಡಬೇಕು? ಗ್ವಾಡಿಗೆ ಡ್ರಿಲ್ ಹೊಡಿಲಾರದೆ ಕಿಡಕಿಗೆ ಜಾಳಗಿ ಹಾಕಬಹುದಾ? ಕೆಲವ್ರು ಹೇಳಲಾರದೆ ಇಟ್ಕೊರಿ ಅಂತಾರ, ಅದಕ್ಕೂ ನಿಮ್ಮ ಅಭಿಪ್ರಾಯ ಹೇಳ್ರಿ.

---

ಕರಾರುಪತ್ರ ಉತ್ತರ:

ಕಾಯ್ದೆಯಿಂದ ನಿಮಗೆ ದೊಡ್ಡ ಸಹಾಯ ಇಲ್ಲ, ಹಾಗಾಗಿ ಅದನ್ನು ಮೊದಲೇ ಮುಗಿಸುತ್ತೇನೆ. ಎಲ್ಲರೂ ಎತ್ತಿ ತೋರಿಸುವುದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ. ಅದು ಅಪಾರ್ಟ್‌ಮೆಂಟ್ ಮತ್ತು ಬಡಾವಣೆ ಸಂಘಗಳಿಗೆ ಹೇಳಿದ್ದು, ಅದೂ ಮುಖ್ಯವಾಗಿ ನಾಯಿಗಳ ಬಗ್ಗೆ. ಬಹುಮತದಿಂದ ಠರಾವು ಮಾಡಿ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ ಎನ್ನುತ್ತದೆ. ತಮ್ಮ ಸ್ವಂತ ಮನೆಯ ಮಹಡಿಯನ್ನು ಬಾಡಿಗೆಗೆ ಕೊಡುವವರು ಬೆಕ್ಕು ಬೇಡ ಎಂದರೆ ಅವರ ಮುಂದೆ ಆ ಕಾಗದ ನಡೆಯುವುದಿಲ್ಲ. ಸಂವಿಧಾನದ 51ಎ(ಜಿ) ವಿಧಿಯೂ ಅಷ್ಟೇ. ಜೀವಿಗಳ ಬಗ್ಗೆ ದಯೆ ನಾಗರಿಕರ ಕರ್ತವ್ಯ ಎನ್ನುತ್ತದೆಯೇ ಹೊರತು ಬಾಡಿಗೆದಾರರಿಗೆ ಹಕ್ಕು ಕೊಡುವುದಿಲ್ಲ. ಮೊದಲ ಭೇಟಿಯಲ್ಲೇ ಕಾಯ್ದೆ ಮಾತು ತೆಗೆದರೆ ಸಿಗುವ ಮನೆಯೂ ಕೈತಪ್ಪುತ್ತದೆ.

ಹೇಳದೆ ಇಟ್ಟುಕೊಳ್ಳುವ ಮಾತು ಬಿಟ್ಟುಬಿಡಿ. ಮಾಲಕರು ಕೆಳಗೇ ಇದ್ದಾರೆ, ವಾರದೊಳಗೆ ಗೊತ್ತಾಗುತ್ತದೆ. ಆಗ ಕರಾರು ಮುರಿದವರು ನೀವಾಗುತ್ತೀರಿ, ಡಿಪಾಸಿಟ್ ವಾಪಸ್ ಕೇಳುವಾಗ ಮಾತಿಗೆ ಬಲ ಇರುವುದಿಲ್ಲ. ಬೆಕ್ಕುಗಳು ಬೀದಿಪಾಲಾಗುವುದೂ ಹೆಚ್ಚಾಗಿ ಇಂಥ ಗಡಿಬಿಡಿಯ ಮನೆ ಬದಲಾವಣೆಯಲ್ಲೇ. ಕಾರಣವಿಲ್ಲದೆ ಪ್ರಾಣಿಯನ್ನು ಉಪವಾಸ ಬೀಳುವಂತೆ ಬಿಟ್ಟುಹೋಗುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಡಿ ಅಪರಾಧ.

ಕರಾರಿನ ವಿಷಯ. ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಯಲ್ಲಿ "ಸಾಕುಪ್ರಾಣಿ ಇಡಕೂಡದು" ಎಂಬ ಸಾಲು ಎಷ್ಟೋ ಸಲ ಮೊದಲೇ ಇರುತ್ತದೆ. ಮಾಲಕರು ಬಾಯಿಮಾತಲ್ಲಿ ಹೂಂ ಅಂದಿದ್ದರೂ ಸಹಿ ಬೀಳುವುದು ಆ ಸಾಲಿನ ಕೆಳಗೆ. ಅದನ್ನು ತೆಗೆಸಿ, ಇದನ್ನು ಹಾಕಿಸಿ:

"ಬಾಡಿಗೆದಾರರು ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರುವ, ರೇಬೀಸ್ ಲಸಿಕೆ ಹಾಕಿಸಿರುವ ಎರಡು ಬೆಕ್ಕುಗಳನ್ನು ಮನೆಯ ಒಳಗೆ ಮಾತ್ರ ಇಟ್ಟುಕೊಳ್ಳಲು ಮಾಲೀಕರು ಒಪ್ಪಿರುತ್ತಾರೆ. ಬೆಕ್ಕುಗಳಿಂದ ನೆಲ, ಬಾಗಿಲು, ಕಿಟಕಿ ಜಾಳಿಗೆಗೆ ಆದ ಹಾನಿಯ ದುರಸ್ತಿ ಖರ್ಚನ್ನು ಬಾಡಿಗೆದಾರರು ಭರಿಸತಕ್ಕದ್ದು. ಇದಕ್ಕಾಗಿ ಪ್ರತ್ಯೇಕವಾಗಿ ಕೊಟ್ಟ ಠೇವಣಿಯನ್ನು ಮನೆ ಬಿಡುವಾಗ ದುರಸ್ತಿ ಖರ್ಚು ಕಳೆದು ಹಿಂದಿರುಗಿಸತಕ್ಕದ್ದು."

ಪ್ರತ್ಯೇಕ ಠೇವಣಿ ಅರ್ಧ ತಿಂಗಳ ಬಾಡಿಗೆಯಷ್ಟು ಇದ್ದರೆ ಸಾಕು, ನೀವೇ ಮುಂದಾಗಿ ಹೇಳಿ. ಮೂರು ತಿಂಗಳಾದ ಮೇಲೆ ಮಾಲಕರೇ ಬಂದು ಮನೆ ನೋಡಲಿ ಎಂಬ ಮಾತೂ ಸೇರಿಸಿ. ಬೇಡ ಎನ್ನುತ್ತಿದ್ದವರಿಗೆ ಒಪ್ಪಲು ಅದೊಂದು ದಾರಿ. ಒಂದು ವರ್ಷ ಮೀರಿದ ಕರಾರಿಗೆ 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಕಡ್ಡಾಯ. ಅದಕ್ಕೇ ಎಲ್ಲರೂ 11 ತಿಂಗಳಿಗೆ ಬರೆಸುತ್ತಾರೆ. ಹೊಸ ಕರಾರು ಬರೆಸುವಾಗಲೆಲ್ಲ ಈ ಸಾಲು ಮತ್ತೆ ಇದೆಯೇ ನೋಡಿಕೊಳ್ಳಿ.

ಸಾಮಾನು ಇಳಿಸುವ ಮೊದಲು ಬಾಗಿಲ ಕೆಳತುದಿ, ಸೊಳ್ಳೆ ಜಾಳಿಗೆ, ಫರ್ಸಿಯ ಸಂದಿಗಳ ಫೋಟೊ ತೆಗೆದು ಅದೇ ದಿನ ಮಾಲಕರಿಗೆ ವಾಟ್ಸಾಪ್ ಮಾಡಿ.

---

ಗಚ್ಚುಗಾರ ಉತ್ತರ:

ಶಹಾಬಾದ್ ಫರ್ಸಿ ಅಂದ್ರ ಸುಣ್ಣದಕಲ್ಲು. ಇದನ್ನ ಮೊದ್ಲು ತಲ್ಯಾಗ ಇಟ್ಕೊರಿ. ಬೆಕ್ಕಿನ ಉಚ್ಚಿಗೆ ವಿನೆಗರ್ ಹಾಕ್ರಿ, ನಿಂಬಿಹಣ್ಣು ಹಿಂಡ್ರಿ ಅಂತ ವಿಡಿಯೋದಾಗ ಹೇಳ್ತಾರಲ್ಲ, ಅದು ಸಿರಾಮಿಕ್ ಟೈಲ್ಸ್‌ಗೆ ಸರಿ. ಫರ್ಸಿಗೆ ಹಾಕಿದ್ರ ಹುಳಿ ಕಲ್ಲನ್ನೇ ತಿಂತದ. ಪಾಲಿಶ್ ಹೋಗಿ ಬೆಳ್ಳನ ಕಲಿ ಬೀಳ್ತದ, ಆ ಜಾಗ ಮೊದಲಿಗಿಂತ ಜಾಸ್ತಿ ಹೀರ್ಕೋತದ. ಸಂಡಾಸ್ ತೊಳಿಯೋ ಆಸಿಡ್ ಅಂತೂ ಕೇಳಬ್ಯಾಡ್ರಿ. ಕೊನಿಗೆ ಡಿಪಾಸಿಟ್‌ನಾಗ ರೊಕ್ಕ ಮುರ್ಕೊಳ್ಳೋದು ಉಚ್ಚಿಗಲ್ಲ, ಅದನ್ನ ತೊಳದ ಕಲಿಗೆ.

ವಾಸನಿ ಕೂಡೋದು ಕಲ್ಲಿಗಿಂತ ಸಂದ್ಯಾಗ ಹೆಚ್ಚು. ಹಳೇ ಮನ್ಯಾಗ ಫರ್ಸಿ ನಡುವಿನ ಸಿಮೆಂಟ್ ಉದುರಿರ್ತದ, ಉಚ್ಚಿ ಅಲ್ಲಿಂದ ಕೆಳಗಿನ ಉಸುಕಿಗೆ ಇಳೀತದ, ಆಮ್ಯಾಲ ಎಷ್ಟು ತಿಕ್ಕಿದ್ರೂ ಹೋಗಂಗಿಲ್ಲ. ಸ್ಕ್ರೂಡ್ರೈವರ್ ತುದಿಯಿಂದ ಸಂದಿ ಕೆರದು ನೋಡ್ರಿ. ಪುಡಿ ಬಂದ್ರ ಒಂದು ಸೆಂಟಿಮೀಟರ್ ಆಳ ಕೆರದು ತಗದು, ಬ್ರಶ್ ಹೊಡದು, ಟೈಲ್ಸ್ ಗ್ರೌಟ್ ತುಂಬ್ರಿ. ಎರಡು ಖೋಲಿಗೆ ಒಂದು ದಿನದ ಕೆಲಸ. "ಸಂದಿ ನಾವೇ ತುಂಬಿಸಿ ಕೊಡ್ತೀವ್ರಿ" ಅಂದ್ರ ಮಾಲಕರ ಮಾರಿನೇ ಬದಲಾಗ್ತದ.

ಹಸಿ ಉಚ್ಚಿ ಇದ್ರ ಬಟ್ಟಿ ಒತ್ತಿ ಹೀರಿಸ್ರಿ, ತಿಕ್ಕಬ್ಯಾಡ್ರಿ. ಬರೇ ನೀರಿಂದ ಒಂದು ಸಲ ಒರಸಿ ಎಂಜೈಮ್ ಕ್ಲೀನರ್ (ಉಚ್ಚಿ ವಾಸನಿ ಒಡಿಯೋ ಔಷಧಿ) ಸುರೀರಿ. ಜನ ತಪ್ಪೋದು ಇಲ್ಲೇ. ಎಂಜೈಮ್ ಕೆಲಸ ಮಾಡೋದು ಹಸಿ ಇರೋ ತನಕ ಮಾತ್ರ. ಏಪ್ರಿಲ್‌ನಾಗ 42 ಡಿಗ್ರಿ ಬಿಸಲು, ಮ್ಯಾಲೆ ಫ್ಯಾನ್, ಐದು ನಿಮಿಷಕ್ಕ ಒಣಗಿಬಿಡ್ತದ, ಆಮ್ಯಾಲ "ಔಷಧಿ ಸುಳ್ಳು" ಅಂತಾರ. ಹಾಕಿದ ಮ್ಯಾಲ ಪ್ಲಾಸ್ಟಿಕ್ ಹಾಳಿ ಮುಚ್ಚಿ ಅಂಚಿಗೆ ಟೇಪ್ ಹಚ್ರಿ. ಹಸಿದಕ್ಕ ಅರ್ಧ ತಾಸು, ಹಳೇ ಕಲಿಗೆ ರಾತ್ರಿಯಿಡೀ. ಅದಕ್ಕೂ ಬಗ್ಗಲಿಲ್ಲಂದ್ರ ಅಡಗಿ ಸೋಡಾಕ್ಕ 3% ಹೈಡ್ರೋಜನ್ ಪೆರಾಕ್ಸೈಡ್ ಕಲಸಿ ಗಟ್ಟಿ ಹಿಟ್ಟಿನಂಗ ಮಾಡಿ ಬಳದು, ಮುಚ್ಚಿ, ಮರುದಿನ ಕೆರೀರಿ. ಪೆರಾಕ್ಸೈಡ್ ಕರೇ ಕಲ್ಲಿನ ಬಣ್ಣ ಸ್ವಲ್ಪ ತಿಳಿ ಮಾಡಬಹುದು, ಮೊದ್ಲು ಕಪಾಟಿನ ಕೆಳಗ ಹಚ್ಚಿ ನೋಡ್ರಿ.

ಫಿನೈಲ್, ಡೆಟಾಲ್ ಎರಡೂ ಬಂದ್ ಮಾಡ್ರಿ. ಅವುಗಳೊಳಗಿನ ಫಿನಾಲ್ ಜಾತಿಯ ರಾಸಾಯನಿಕ ಬೆಕ್ಕಿನ ಲಿವರ್‌ಗೆ ಅರಗಂಗಿಲ್ಲ, ಒರಸಿದ ನೆಲದ ಮ್ಯಾಲೆ ಅಡ್ಡಾಡಿ ಕಾಲು ನೆಕ್ಕಿದ್ರ ಹೊಟ್ಟಿಗೆ ಹೋಗ್ತದ. ಬ್ಲೀಚಿಂಗ್ ಪೌಡರ್ ಉಚ್ಚಿ ಮ್ಯಾಲೆ ಹಾಕಿದ್ರ ವಿಷದ ಗಾಳಿ ಏಳ್ತದ. ದಿನಾ ಒರಸಾಕ ಬಕೀಟ್ ನೀರಿಗೆ ನಾಕು ಹನಿ ಪಾತ್ರೆ ತೊಳಿಯೋ ಲಿಕ್ವಿಡ್ ಸಾಕು.

ಇನ್ನೊಂದು: ಒಂದು ಯುವಿ ಟಾರ್ಚ್ ತಗೊಂಡು ಮನಿಗೆ ಬರೋಕಿಂತ ಮೊದ್ಲು ರಾತ್ರಿ ಲೈಟ್ ಆರಿಸಿ ನೆಲ ನೋಡ್ರಿ. ಹಿಂದಿನವ್ರ ಮಕ್ಕಳದೋ ನಾಯಿದೋ ಹಳೇ ಕಲಿ ಹೊಳೀತಿದ್ರ ಅದರ ಫೋಟೋನೂ ಇರ್ಲಿ.

---

ನಂದಿನಗರ_ಬೀದರ ಉತ್ತರ:

ಮೇಲಿನ ಶುಚಿ ಮಾಡುವ ವಿಧಾನವೆಲ್ಲ ಸರಿ, ಆದರೆ ನಿಮ್ಮ ಮನೆಯ ಮುಖ್ಯ ಸಮಸ್ಯೆ ಆ ಏಳು ತಿಂಗಳ ಗಂಡು. ಗಂಡುಬೆಕ್ಕು ಪ್ರಾಯಕ್ಕೆ ಬಂದ ಮೇಲೆ ನಿಂತುಕೊಂಡು, ಬಾಲ ನಡುಗಿಸುತ್ತಾ ಗೋಡೆಗೆ ಮೂತ್ರ ಚಿಮ್ಮಿಸುತ್ತದೆ. ಅದು ಗುರುತು ಹಾಕುವ ಕೆಲಸ, ಮಲಮೂತ್ರಕ್ಕೆ ಮಣ್ಣು ಹಾಕಿಟ್ಟ ತಟ್ಟೆ ಎಷ್ಟೇ ಸ್ವಚ್ಛವಾಗಿದ್ದರೂ ನಿಲ್ಲದು. ಮಾಲಕರು ಹೇಳುತ್ತಿರುವ "ವಾಸನೆ" ಬಹುಪಾಲು ಇದೇ. ಶಸ್ತ್ರಚಿಕಿತ್ಸೆ ಆದರೆ ಹತ್ತರಲ್ಲಿ ಒಂಬತ್ತು ಗಂಡುಗಳಲ್ಲಿ ಇದು ನಿಲ್ಲುತ್ತದೆ ಇಲ್ಲವೇ ತುಂಬ ಕಡಿಮೆಯಾಗುತ್ತದೆ. ಆದರೆ ಮರುದಿನವೇ ಅಲ್ಲ, ಹಾರ್ಮೋನು ಇಳಿಯಲು ಕೆಲವು ವಾರ ಬೇಕು. ಆದ್ದರಿಂದ ಹೊಸ ಮನೆಗೆ ಹೋಗುವ ಒಂದೂವರೆ ತಿಂಗಳು ಮೊದಲೇ ಮಾಡಿಸಿ. ಬೀದರಿನ ನಂದಿನಗರದಲ್ಲಿರುವ ಪಶುವೈದ್ಯಕೀಯ ಕಾಲೇಜಿಗೆ ಆಸ್ಪತ್ರೆ ಇದೆ. ಕಲಬುರಗಿಯಲ್ಲೇ ಮಾಡಿಸುವುದಾದರೆ ಬೆಕ್ಕಿಗೆ ಅರಿವಳಿಕೆ ಕೊಟ್ಟು ಅಭ್ಯಾಸ ಇರುವವರೇ ಎಂದು ಕೇಳಿಕೊಂಡು ಹೋಗಿ.

ಆಹಾರದ ಬಗ್ಗೆ. ಶಾಕಾಹಾರಿ ಮನೆಯವರಿಗೆ ಸಮಾಧಾನ ಆಗಲಿ ಎಂದು ಹಾಲು-ರೊಟ್ಟಿ ಮೇಲೆ ಬೆಕ್ಕು ಸಾಕಲು ಹೋಗಬೇಡಿ. ದೊಡ್ಡ ಬೆಕ್ಕಿಗೆ ಹಾಲಿನ ಸಕ್ಕರೆ ಜೀರ್ಣ ಆಗುವುದು ಕಷ್ಟ, ಭೇದಿ ಆಗುತ್ತದೆ, ವಾಸನೆ ಹೆಚ್ಚುತ್ತದೆ. ಟಾರಿನ್ ಎಂಬ ಪೋಷಕಾಂಶ ಮಾಂಸ, ಮೀನಿನಿಂದ ಇಲ್ಲವೇ ಅದನ್ನು ಸೇರಿಸಿದ ಬೆಕ್ಕಿನ ಆಹಾರದಿಂದ ಬರಬೇಕು. ಅದು ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮನೆಯಲ್ಲಿ ಮೀನು ಬೇಯಿಸದೆ, ಬೆಕ್ಕಿನದೇ ಒಣ ಆಹಾರ ಕೊಟ್ಟರೆ ಕೆಳಗಿನವರಿಗೆ ವಾಸನೆ ಹೋಗುವುದಿಲ್ಲ. ನಾಲ್ಕು ಕಿಲೋ ತೂಕದ ಬೆಕ್ಕಿಗೆ ದಿನಕ್ಕೆ 50–60 ಗ್ರಾಂ, ಎರಡು ಮೂರು ಸಲಕ್ಕೆ ಹಂಚಿ. ಒಣ ಆಹಾರದ ಜೊತೆ ನೀರು ಕುಡಿಯದಿದ್ದರೆ ಗಂಡುಬೆಕ್ಕಿಗೆ ಮೂತ್ರ ಕಟ್ಟುವ ಅಪಾಯ ಹೆಚ್ಚು. ಮಣ್ಣಿನ ಬೋಗುಣಿಯಲ್ಲಿ ಎರಡು ಮೂರು ಕಡೆ ನೀರಿಡಿ. ಪದೇಪದೇ ತಟ್ಟೆಗೆ ಹೋಗಿ ಕೂತು, ಮುಕ್ಕರಿಸಿ, ಹನಿಯೂ ಬರದಿದ್ದರೆ ಬೆಳಗಿನ ತನಕ ಕಾಯಬೇಡಿ. ಒಂದೆರಡು ದಿನದಲ್ಲಿ ಜೀವಕ್ಕೇ ಬರುತ್ತದೆ.

ರೇಬೀಸ್ ಲಸಿಕೆ ಮೂರು ತಿಂಗಳ ವಯಸ್ಸಿಗೆ, ಆಮೇಲೆ ವರ್ಷಕ್ಕೊಮ್ಮೆ. ಆ ಕಾರ್ಡಿನ ಜೆರಾಕ್ಸ್ ಕರಾರಿಗೆ ಲಗತ್ತಿಸಿ.

---

ಸೇಡಂರೋಡ್_ಬಾಡಿಗಿ:

ಎಲ್ಲರಿಗೂ ಥ್ಯಾಂಕ್ಸ್ ರೀ. ಎರಡು ಸಣ್ಣ ಪ್ರಶ್ನೆ. ಪೇಟಿ ಲಿಟರ್ (ಬೆಕ್ಕಿನ ತಟ್ಟಿಗೆ ಹಾಕೋ ಮಣ್ಣು) ತುಟ್ಟಿ ಆಗ್ತದ, ಹೊಲದಿಂದ ಎರೆಮಣ್ಣು ತಂದು ಹಾಕಿದ್ರ ನಡೀತದೇನು? ಮತ್ತ ಮಾಲಕರ ಸೊಸಿ ಬಸುರಿ ಅದಾರ, "ಬೆಕ್ಕಿನಿಂದ ಕೂಸಿಗೆ ತ್ರಾಸ ಆಗ್ತದ" ಅಂತ ಯಾರೋ ಹೇಳ್ಯಾರಂತ.

---

ನಂದಿನಗರ_ಬೀದರ:

ಅವರ ಭಯಕ್ಕೆ ಆಧಾರ ಇದೆ, ನಕ್ಕು ತಳ್ಳಿಹಾಕಬೇಡಿ. ಅದು ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿ. ಸೋಂಕಿರುವ ಬೆಕ್ಕಿನ ಮಲದಲ್ಲಿ ಬಂದರೂ ಅದು ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ದಿನಕ್ಕೆ ಎರಡು ಸಲ ಮಲ ತೆಗೆದರೆ ಆ ದಾರಿ ಮುಚ್ಚಿದಂತೆ. ಹೊರಗೆ ಬಿಡದ, ಹಸಿ ಮಾಂಸ ತಿನ್ನದ ಬೆಕ್ಕಿಗೆ ಸೋಂಕು ತಗಲುವ ಸಾಧ್ಯತೆಯೇ ಕಡಿಮೆ. ತೊಳೆಯದ ಸೊಪ್ಪು, ಕೈತೋಟದ ಮಣ್ಣು ಇವುಗಳಿಂದಲೂ ಇದು ಬರುತ್ತದೆ ಎಂದು ಅವರಿಗೆ ಹೇಳಿ. ಲಿಟರ್ ಚೀಲವನ್ನು ಗಂಟು ಕಟ್ಟಿ ನೀವೇ ಕಸದ ಗಾಡಿಗೆ ಹಾಕಿ, ಅವರ ಅಂಗಳದಲ್ಲಿ ಇಡಬೇಡಿ.

---

ಗಚ್ಚುಗಾರ:

ಎರೆಮಣ್ಣು ಬ್ಯಾಡ. ನೀರು ಕುಡದು ಉಬ್ಬೋ ಗುಣ ಅದಕ್ಕೂ ಅದ, ಪೇಟಿ ಲಿಟರ್‌ನ ಬೆಂಟೊನೈಟ್‌ಗೂ ಅದ, ಎರಡೂ ಒಂದೇ ಬಗೆಯ ಜೇಡಿ. ಆದ್ರ ಹೊಲದ್ದು ಹಸಿ ಆದ್ರ ಕಾಲಿಗೆ ಮೆತ್ತಿ ಇಡೀ ಮನಿ ಕರೇ ಹೆಜ್ಜಿ ಆಗ್ತದ, ಹುಳದ ತತ್ತಿನೂ ಬರ್ತಾವ. ಖರ್ಚು ಉಳಿಸಬೇಕಂದ್ರ ಕಟ್ಟಿಗಿ ಪೆಲೆಟ್ (ಕಟ್ಟಿಗಿ ಪುಡಿ ಒತ್ತಿ ಮಾಡಿದ ಗುಳಿಗಿ) ಹಾಕ್ರಿ. ಉಚ್ಚಿ ಬಿದ್ದಲ್ಲಿ ಪುಡಿ ಆಗ್ತದ, ಜಾಳಿಸಿ ತಗೀರಿ. ಬೆಂಟೊನೈಟ್ ಆದ್ರ ಎರಡೂವರಿ ಇಂಚು ದಪ್ಪ ಇರಬೇಕು. ಕಮ್ಮಿ ಹಾಕಿದ್ರ ಉಚ್ಚಿ ತಳಕ್ಕ ಮುಟ್ಟಿ ಪ್ಲಾಸ್ಟಿಕ್‌ಗೆ ಅಂಟ್ತದ, ವಾಸನಿ ಅಲ್ಲಿಂದನೇ ಶುರು. ಸಂಡಾಸಿಗೆ ಸುರಿಬ್ಯಾಡ್ರಿ, ಪೈಪಿನಾಗ ಉಬ್ಬಿ ಕಟ್ಕೋತದ, ಆ ಬಿಲ್ ಮಾಲಕರು ನಿಮ್ಮ ಕೈಗೇ ಕೊಡ್ತಾರ.

ಎರಡು ಬೆಕ್ಕಿಗೆ ಮೂರು ತಟ್ಟಿ. ಪೇಟಿ ತಟ್ಟಿ ಸಣ್ಣವು, ಎರಡಡಿ ಉದ್ದ, ಹತ್ತಿಂಚು ಎತ್ತರದ ಪ್ಲಾಸ್ಟಿಕ್ ಡಬ್ಬಿ ತಗೊಂಡು ಒಂದು ಬದಿ ಅರ್ಧ ಕತ್ತರಿಸ್ರಿ.

---

ಕೂಲರ್_ಕಿಡಕಿ ಉತ್ತರ:

ಜಾಳಗಿ ಪ್ರಶ್ನೆ ಉಳೀತಲ್ಲ. ಕಬ್ಬಿಣದ ಗ್ರಿಲ್ ಇದ್ರ ಡ್ರಿಲ್ ಬೇಕಾಗಿಲ್ಲ. ಒಂದಿಂಚು ಕಣ್ಣಿನ ವೆಲ್ಡ್‌ಮೆಶ್ (ಬೆಸುಗಿ ಹಾಕಿದ ತಂತಿ ಜಾಳಗಿ) ಗ್ರಿಲ್ ಅಳತಿಗೆ ಕತ್ತರಿಸಿ ಒಳಗಿನಿಂದ ಕೇಬಲ್ ಟೈ ಹಾಕಿ ಬಿಗೀರಿ, ಅರ್ಧ ಅಡಿಗೊಂದು. ಕರೇ ಟೈನೇ ತಗೊರಿ. ಬಿಳೇದು ನಮ್ಮ ಬಿಸಲಿಗೆ ಪೆಡಸಾಗಿ ಲಟಕ್ ಅಂತದ. ಬೈಂಡಿಂಗ್ ವೈರ್ ಹಾಕಿದ್ರ ಮಳಿಗಾಲದಾಗ ತುಕ್ಕು ಸೋರಿ ಬಣ್ಣದ ಮ್ಯಾಲೆ ಕಲಿ ಆಗ್ತದ. ಸೊಳ್ಳಿ ಜಾಳಗಿ ನಂಬಬ್ಯಾಡ್ರಿ, ಬೆಕ್ಕು ಉಗುರಿನಿಂದ ಹರೀತದ.

ಬ್ಯಾಸಗಿಯೊಳಗ ಬೆಕ್ಕು ತಪ್ಪಿಸಿಕೊಳ್ಳೋದು ಕೂಲರ್ ಕಿಡಕಿಯಿಂದ. ಕೂಲರ್ ಕೂಡಿಸಿ ಸುತ್ತಲ ಸಂದಿಗೆ ಥರ್ಮಾಕೋಲ್ ತುಂಬಿರ್ತಾರ, ಬೆಕ್ಕು ಅದನ್ನ ಕೆರದು ಹೊರಗ ಹೋಗ್ತದ. ಅಲ್ಲಿ ಪ್ಲೈವುಡ್ ಪಟ್ಟಿ ಹಾಕ್ರಿ. ಮ್ಯಾಲಿನ ಮಹಡಿ ಅಂತೀರಿ, ಅದರ ಮ್ಯಾಲೆ ಬರೇ ಮಾಳಗಿ ಇದ್ರ ಮಧ್ಯಾಹ್ನ ಖೋಲಿ ಒಲಿ ಆಗ್ತದ. ಮನಿ ಒಪ್ಪೋಕಿಂತ ಮೊದ್ಲು ಮೂರು ಗಂಟೆಗೆ ಹೋಗಿ ನಿಂತು ನೋಡ್ರಿ. ಆಫೀಸಿಗೆ ಹೋಗುವಾಗ ಬಚ್ಚಲಮನಿ ಬಾಗಲಾ ತೆರದಿಡ್ರಿ, ಅಲ್ಲಿ ನೆಲ ತಂಪಿರ್ತದ. ಬೆಕ್ಕು ನಾಯಿಯಂಗ ಬಾಯಿ ತೆರದು ತೇಕಿದ್ರ ಬಿಸಲು ಬಡದಂಗ. ಒದ್ದಿ ಬಟ್ಟಿಯಿಂದ ಮೈ ತೊಯಿಸಿ ಫ್ಯಾನ್ ಹಚ್ಚಿ ತಡಾ ಮಾಡಲಾರದೆ ಡಾಕ್ಟರ್ ಹತ್ರ ಒಯ್ಯಬೇಕು. ಬರ್ಫಿನ ನೀರು ಸುರಿಬಾರ್ದು.

ಬಾಗಲಾ ಕೆರೀಬಾರ್ದಂದ್ರ ಕೆರಿಯೋ ಕಂಬ ಬೇಕು, ಮೈ ಚಾಚೋವಷ್ಟು ಎತ್ತರ, ಎರಡೂವರಿ ಅಡಿ. ನಾಕಿಂಚಿನ ಪಿವಿಸಿ ಪೈಪ್, ಅದರ ಎಂಡ್ ಕ್ಯಾಪ್, 8 ಎಂಎಂ ಕತ್ತಾಳಿ ಹಗ್ಗ 38 ಮೀಟರ್ ತಗೊರಿ. ತಳಕ್ಕ ಒಂದೂವರಿ ಅಡಿ ಚೌಕದ, ಇಂಚು ದಪ್ಪದ ಫರ್ಸಿ ತುಂಡು. ಹದಿಮೂರು ಕಿಲೋದಷ್ಟು ತೂಕ ಇರ್ತದ, ಅಲಗ್ಯಾಡಂಗಿಲ್ಲ. ಫರ್ಸಿ ಅಂಗಡಿಯವ್ರಿಂದಲೇ ನಡುವ ತೂತು ಹೊಡಸಿ, ಕ್ಯಾಪ್ ಬೋಲ್ಟ್ ಮಾಡಿ, ಪೈಪ್ ಅಂಟಿಸಿ ಅರ್ಧಕ್ಕ ಉಸುಕು ತುಂಬ್ರಿ. ಬೋಲ್ಟಿನ ತಲಿ ಕೆಳಗ ಚಾಚಿರ್ತದ, ನಾಕು ಮೂಲಿಗೆ ರಬ್ಬರ್ ಹಚ್ಚಲಿಲ್ಲಂದ್ರ ನೆಲ ಗೀರ್ತದ. ಪೈಪ್ ನುಣುಪು, ಮರಳ ಕಾಗದದಿಂದ ತಿಕ್ಕಿ ರಬ್ಬರ್ ಅಂಟು ಬಳದೇ ಹಗ್ಗ ಸುತ್ರಿ, ಇಲ್ಲಂದ್ರ ತಿಂಗಳೊಳಗ ಎಲ್ಲಾ ಕೆಳಗ ಜಾರಿರ್ತದ. ಅಂಟಿನ ವಾಸನಿ ಹೋಗೋತನಕ ಮಾಳಗಿ ಮ್ಯಾಲೆ ಒಣಗಿಸಿ, ಆಮ್ಯಾಲ ಮೇನ್ ಬಾಗಲಾ ಬಾಜೂನೇ ಇಡ್ರಿ. ಮೂಲ್ಯಾಗ ಇಟ್ರ ಬೆಕ್ಕು ಅದರ ಕಡೆ ತಿರುಗಿ ನೋಡಂಗಿಲ್ಲ.